ಕಲ್ಲುಗೋಡೆಯ ಸಾಹುಕಾರ

"ಬೋಸಿಬೋರಿಯ ಪಿತ್ತಕೋಶಕ್ಕೂ ನಮ್ಮನೆ ಕಕ್ಕಸಿಗೂ ಏನಪ್ಪಾ ಸಂಬಂಧ?"

ರಾತೆಮೊ ಇದನ್ನು ಯಾರನ್ನೂ ಕೇಳಲಿಲ್ಲ. ಎದುರಿಗಿದ್ದದ್ದು ಅರ್ಧ ಕೆತ್ತಿದ ನೀರಾನೆ ಮಾತ್ರ, ಅದಕ್ಕಿನ್ನೂ ಕಿವಿ ಮೂಡಿರಲಿಲ್ಲ. ಉಳಿ ಕೆಳಗಿಟ್ಟು, ಕೈಗಂಟಿದ ಬಿಳಿ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು, ಫೋನನ್ನು ಮೂಗಿನ ಹತ್ತಿರ ಹಿಡಿದು ಮೂರನೆಯ ಸಲ ಓದಿದ. ಸಂದೇಶ ಬದಲಾಗಿರಲಿಲ್ಲ. ಕುಟುಂಬದ ಹೊಸ ಆರೋಗ್ಯ ವಿಮೆ: ತಿಂಗಳಿಗೆ ಸಾವಿರದ ಆರುನೂರ ನಲವತ್ತು ಶಿಲ್ಲಿಂಗು. ವರ್ಷದ್ದನ್ನು ಒಟ್ಟಿಗೇ ಕಟ್ಟತಕ್ಕದ್ದು. ಲೆಕ್ಕದ ಆಧಾರ: ಕಲ್ಲಿನ ಗೋಡೆ, ಸಿಮೆಂಟು ನೆಲ, ನೀರು ಹರಿಯುವ ಕಕ್ಕಸು ಎರಡು, ಜಾನುವಾರು ಅನೇಕ.

ಇದನ್ನು ಓದಿದರೆ ಯಾರಿಗೇ ಆಗಲಿ ಕಿಸೀ ಪಟ್ಟಣದ ಯಾವುದೋ ಹೋಟೆಲು ಮಾಲೀಕನ ಬಂಗಲೆ ಕಣ್ಣಿಗೆ ಕಟ್ಟಬೇಕು. ರಾತೆಮೊನಿಗೂ ಒಂದು ಗಳಿಗೆ ಹಾಗೇ ಆಯಿತು. ಆ ಮನೆಯವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಬಂತು.

"ಏನ್ ಹಿರಿಯರೇ, ನೀರಾನೆಗೆ ಉಪದೇಶ ನಡೀತಿದೆಯಾ?" ಎಂದು ಪಕ್ಕದ ಚಪ್ಪರದಿಂದ ಗೆತೆಂಗಾ ಕೂಗಿದ. ಅವನು ಬಟ್ಟಲುಗಳಿಗೆ ಮರಳುಕಾಗದ ಉಜ್ಜುವವನು, ಇಪ್ಪತ್ತು ವರ್ಷದಿಂದ ರಾತೆಮೊನ ನೆರೆಯವನು.

"ನಿಂಗೆ ಎಷ್ಟು ಬಂತೋ?"

"ಮುನ್ನೂರ ನಲವತ್ತು. ನಿಮಗೆ ಮುನ್ನೂರೇ ಇರಬೇಕಲ್ವಾ? ನೀವೇ ತಾನೇ ಚರ್ಚಲ್ಲಿ ಎಲ್ಲರಿಗೂ ಹೇಳಿದ್ದು, ನಮ್ಮಂಥೋರಿಗೆಲ್ಲ ಮುನ್ನೂರು ಅಂತ?"

ರಾತೆಮೊ ಫೋನನ್ನು ಜೇಬಿಗೆ ಹಾಕಿಕೊಂಡ. "ಅದೇ... ಸುಮಾರಾಗಿ ಅದೇ," ಎಂದ.

ಹೇಳಿದ್ದು ನಿಜವೇ. ಹಿಂದಿನ ತಿಂಗಳು ಸಬ್ಬತ್ತಿನ ಶನಿವಾರ ಪ್ರಾರ್ಥನೆ ಮುಗಿದ ಮೇಲೆ, ಸಭೆಯ ಹಿರಿಯನಾಗಿ ಎದ್ದು ನಿಂತು, ಹಳೆಯ ವಿಮೆ ಹೋಯಿತು, ಹೊಸದು ಬಂತು, ಬಡವರ ಮೇಲೆ ಕೊನೆಗೂ ಸರ್ಕಾರದ ಕಣ್ಣು ಬಿತ್ತು ಎಂದು ಭಾಷಣ ಮಾಡಿದ್ದ. ಮೊದಲು ಎಲ್ಲರಿಗೂ ತಿಂಗಳಿಗೆ ಐನೂರು ಒಂದೇ ದರ. ಮಂತ್ರಿಗೂ ಐನೂರು, ಕಲ್ಲುಕುಟಿಗನಿಗೂ ಐನೂರು. ಇನ್ನು ಮುಂದೆ ಅವರವರ ಮನೆ ನೋಡಿ ಲೆಕ್ಕ. ಹೆಂಗಸರು ತಲೆದೂಗಿದ್ದರು. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಕೈಮುಗಿದಿದ್ದಳು. ಆ ದಿನ ಮನೆಗೆ ನಡೆದು ಬರುವಾಗ ರಾತೆಮೊನ ಎದೆ ಎಷ್ಟು ಉಬ್ಬಿತ್ತೆಂದರೆ, ಕೋಟಿನ ಗುಂಡಿಯೊಂದು ಕಿತ್ತು ಬಂದಿತ್ತು.

ಈಗ ಕೆಲಸಕ್ಕೆ ಬಾರದ ಒಂದು ಚಪ್ಪಟೆ ಕಲ್ಲನ್ನು ಮೊಣಕಾಲ ಮೇಲಿಟ್ಟುಕೊಂಡು ಮೊಳೆಯಿಂದ ಗೀರಿದ. ಅವರ ಊರಿನ ಕಲ್ಲು ಅಷ್ಟು ಮೆತ್ತಗೆ, ಉಗುರಿಗೂ ಬಗ್ಗುತ್ತದೆ. ಎಡಗಡೆ 'ಮೊದಲು' ಎಂದು ಬರೆದು ಕೆಳಗೆ ಆರು ಸಾವಿರ. ಬಲಗಡೆ 'ಈಗ' ಎಂದು ಬರೆದು ಕೆಳಗೆ ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತು. ಬಲಗಡೆಯ ಅಂಕಿ ಕಲ್ಲಿನ ಅಂಚು ದಾಟಿ ಹೋಯಿತು.

ಮನೆಯಲ್ಲಿ ವಿಮೆಗೆಂದು ತೆಗೆದಿಟ್ಟಿದ್ದದ್ದು ಆರು ಸಾವಿರ. ಮುನ್ನೂರರ ಲೆಕ್ಕದಲ್ಲಿ ಮೂರು ಸಾವಿರದ ಆರುನೂರು ಸಾಕಿತ್ತು; ಉಳಿದದ್ದರಲ್ಲಿ ಬೋಸಿಬೋರಿಗೆ ಆಸ್ಪತ್ರೆಗೆ ಹಾಕಿಕೊಂಡು ಹೋಗಲು ಒಂದು ಹೊಸ ಗೌನು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ.

ಬೋಸಿಬೋರಿ ಅವನ ಹೆಂಡತಿ. ಹೋದ ವರ್ಷದಿಂದ ಪಿತ್ತಕೋಶದಲ್ಲಿ ಕಲ್ಲು. ಗುಡ್ಡದಷ್ಟು ಕಲ್ಲನ್ನು ನೀರಾನೆ, ಬಟ್ಟಲು, ಚದುರಂಗದ ಕಾಯಿ ಮಾಡಿ ಮಾರಿದ ರಾತೆಮೊನ ಕಸುಬು, ಹೆಂಡತಿಯ ಹೊಟ್ಟೆಯೊಳಗಿನ ಅವರೆಕಾಳಿನಷ್ಟು ಕಲ್ಲುಗಳ ಮುಂದೆ ನಡೆಯಲಿಲ್ಲ. ಎರಡು ಸಲ ನೋವು, ಜ್ವರ ಬಂದು ಅವಳ ಕಣ್ಣು ಹಳದಿಯಾಗಿತ್ತು. ಮೂರನೆಯ ಸಲ ಬರುವುದಕ್ಕೆ ಕಾಯಬೇಡಿ ಎಂದಿದ್ದರು ಮಿಷನ್ ಆಸ್ಪತ್ರೆಯ ಡಾಕ್ಟರು. ಮುಂದಿನ ತಿಂಗಳ ಎರಡನೆಯ ಗುರುವಾರ ಶಸ್ತ್ರಚಿಕಿತ್ಸೆ. ಅಷ್ಟರೊಳಗೆ ವಿಮೆ ಕಟ್ಟಿದ್ದರೆ ಸರಿ; ಇಲ್ಲದಿದ್ದರೆ ತೊಂಬತ್ತು ಸಾವಿರ ಕೈಯಿಂದ. ಹೋಟೆಲು ಮಾಲೀಕನ ಬಂಗಲೆ ನಿಜವಾಗಿ ಇದ್ದಿದ್ದರೆ ಅದನ್ನಾದರೂ ಮಾರಬಹುದಿತ್ತು.

ಹೀಗೆ ಆದದ್ದು ಹೇಗೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ನೀರಾನೆಯನ್ನು ಕೇಳಿದ್ದ.

ಮೂರು ತಿಂಗಳ ಹಿಂದೆ ಊರಿನ ಆರೋಗ್ಯ ಕಾರ್ಯಕರ್ತೆ ಸರ್ಕಾರದ ಫೋನು ಹಿಡಿದು ಮನೆಮನೆಗೂ ಹೋಗಿ ಪ್ರಶ್ನೆ ಕೇಳಿ ಉತ್ತರ ತುಂಬಿಕೊಂಡಳು. ಆ ಕಾರ್ಯಕರ್ತೆ ಬೇರೆ ಯಾರೂ ಅಲ್ಲ, ಕೆಮುಂತೊ. ಅವನ ಮಗ ಮಕೋರಿಯ ಹೆಂಡತಿ. ಒಂದೇ ಅಂಗಳದಲ್ಲಿ ಎರಡು ಮನೆ. ಮದುವೆಯಾಗಿ ಆರು ವರ್ಷವಾದರೂ ರಾತೆಮೊ ಸೊಸೆಯ ಹೊಸ್ತಿಲು ಮೆಟ್ಟಿದವನಲ್ಲ, ಅವಳು ಮಾವನ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ಮಾವ ಸೊಸೆಯರ ನಡುವೆ ಬಾಯಿಗೆ ಬರಬಾರದ ಮಾತುಗಳಿದ್ದವು: ಹಾಸಿಗೆ, ಬಚ್ಚಲು, ಕಕ್ಕಸು. ಮಾವ ಕೂತ ಗುಂಡಿಯ ಮೇಲೆ ಸೊಸೆ ಕೂರಬಾರದೆಂದೇ ಆ ಹಿತ್ತಿಲಲ್ಲಿ ಎರಡು ಗುಂಡಿ, ಬಾಳೆಗಿಡಗಳ ಆಚೆಗೊಂದು, ಈಚೆಗೊಂದು.

ಅಂಥ ಮಾವನ ಮುಂದೆ ಅಂಥ ಸೊಸೆ ಪ್ರಶ್ನೆಪಟ್ಟಿ ಹಿಡಿದು ನಿಂತಿದ್ದಳು. ನಿಂತದ್ದು ಚಪ್ಪರದ ಕಂಬದಾಚೆ, ಬೆನ್ನು ಹಾಕಿ. ರಾತೆಮೊನೂ ಬೆನ್ನು ಹಾಕಿ ಕೂತ. ಇಬ್ಬರ ಮಾತನ್ನೂ ಮೊದಲು ಕೇಳಿಸಿಕೊಂಡವು ಬಾಳೆಗಿಡಗಳು.

"ಮಾವ, ಗೋಡೆ ಯಾವುದ್ರದು?"

"ಕಲ್ಲಿಂದು."

ಅದು ಸುಳ್ಳಲ್ಲ. ಇಟ್ಟಿಗೆಗೆ ಕಾಸಿಲ್ಲದವರು ಕ್ವಾರಿಯಲ್ಲಿ ಬಿಸಾಡಿದ ಚೂರುಗಳನ್ನು ಹೊತ್ತು ತಂದು ಗೋಡೆ ಕಟ್ಟುವುದು ಅವರ ಊರು ತಬಾಕಾದಲ್ಲಿ ಮಾಮೂಲು. ಅವನ ಹಿತ್ತಿಲ ಗೋಡೆಯಲ್ಲಿ ಮೂಗು ಮುರಿದ ಮೂರು ಆನೆ, ಒಂದು ಕುಂಟ ಜಿರಾಫೆ ಇದ್ದವು. ಆದರೆ ಸರ್ಕಾರದ ಫೋನಿಗೆ ಒಂದೇ ಥರದ ಕಲ್ಲು ಗೊತ್ತಿತ್ತು.

"ನೆಲ?"

"ಸಿಮೆಂಟು."

ಮುಂದಿನ ಕೋಣೆಯದು ಸಿಮೆಂಟೇ. ಹಿಂದಿನ ಎರಡು ಕೋಣೆ ಮಣ್ಣು. ಆದರೆ ಅವು ಮಲಗುವ ಕೋಣೆಗಳು. ಸೊಸೆಯ ಕಿವಿಗೆ ಮಲಗುವ ಕೋಣೆಯ ನೆಲ ಯಾಕೆ ಬೀಳಬೇಕು?

"ಮನೇಲಿ ಊಟಕ್ಕೆ ಯಾವತ್ತಾದ್ರೂ ಕೊರತೆ ಆಗಿತ್ತಾ?"

"ದೇವರು ಏನೂ ಕಮ್ಮಿ ಮಾಡಿಲ್ಲ," ಎಂದ ರಾತೆಮೊ, ಚರ್ಚಿನಲ್ಲಿ ಕಾಣಿಕೆ ಘೋಷಿಸುವ ದನಿಯಲ್ಲಿ. ಹಿಂದಿನ ವಾರವಿಡೀ ಬರೀ ಚಹಾ ಮತ್ತು ಬೇಯಿಸಿದ ಬಾಳೆಕಾಯಿಯಲ್ಲಿ ದಿನ ಹೋಗಿತ್ತು. ಹೇಳಿ ಮುಗಿಸಿದ ಮೇಲೆ ಆ ಸಾಕ್ಷಿಯಿಂದ ಅವನಿಗೇ ರೋಮಾಂಚನವಾಯಿತು.

"ಹಸು?"

"ಇವೆ."

ಹಸುಗಳನ್ನು ಬಾಯಿಬಿಟ್ಟು ಎಣಿಸಬಾರದೆಂದು ಅವನಪ್ಪ ಹೇಳಿಕೊಟ್ಟಿದ್ದ. ಇದ್ದದ್ದು ಒಂದು. ಒಂದನ್ನೂ ಎಣಿಸದೆ ಬಿಡುವಷ್ಟು ಅವನು ತಂದೆಯ ಮಾತು ಮೀರದ ಮಗ.

ಕೋಳಿಯೊಂದು ಕೆದಕಿತು.

"ಮಾವ... ಅದೂ... ಹಿಂದ್ಗಡೆ..."

"ಇದೆ, ಇದೆ."

"ಎಷ್ಟು..."

"ಎರಡಿದೆಯಲ್ಲ!"

"ಅದು... ಯಾವ ಥರದ್ದು ಅಂತ..."

"ಒಳ್ಳೇದೇ ಕಣಮ್ಮ! ಆ ಪಟ್ಟೀಲಿ ಎಲ್ಲಕ್ಕಿಂತ ಒಳ್ಳೇದು ಯಾವುದಿದೆಯೋ ಅದನ್ನೇ ಬರ್ಕೊ, ಹೋಗು!"

ಕೆಮುಂತೊ ಕಣ್ಣು ಮುಚ್ಚಿ ಬರೆದುಕೊಂಡಳು, ಹೋದಳು. ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಒಳಚರಂಡಿಗೆ ನೀರು ಹರಿಯುವಂಥದ್ದು. ಆ ಊರಿನಲ್ಲಿ ಒಳಚರಂಡಿಯೇ ಇರಲಿಲ್ಲ.

ಸಂದೇಶ ಬಂದ ಮರುದಿನ ಬೆಳಗ್ಗೆ ರಾತೆಮೊ ಚರ್ಚಿನ ಕೋಟು ಹಾಕಿಕೊಳ್ಳಲು ಹೋಗಿ, ತಡೆದು, ಹರಿದ ಸ್ವೆಟರು ಹಾಕಿಕೊಂಡು ಮಟಾಟು ವ್ಯಾನು ಹತ್ತಿ ಪಟ್ಟಣದ ವಿಮೆ ಕಚೇರಿಗೆ ಹೋದ. ಹೊರಡುವಾಗ ಸ್ವೆಟರಿನ ಇನ್ನೊಂದು ಮೊಣಕೈಯನ್ನೂ ಸ್ವಲ್ಪ ಹರಿದುಕೊಂಡ. ಸತ್ಯಕ್ಕೆ ಒಂದಿಷ್ಟು ಸಹಾಯ ಬೇಕಾಗುತ್ತದೆ ಎಂದು ಸಮಾಧಾನ ಹೇಳಿಕೊಂಡ.

ಗಾಜಿನ ಕಿಟಕಿಯ ಹಿಂದೆ ಕನ್ನಡಕದ ಹುಡುಗಿಯೊಬ್ಬಳು ಅವನ ಗುರುತಿನ ಸಂಖ್ಯೆ ಒತ್ತಿ ಗಟ್ಟಿಯಾಗಿ ಓದಿದಳು. ಹಿಂದೆ ನಲವತ್ತು ಜನರ ಸಾಲು.

"ಗೋಡೆ ಕಲ್ಲು ಅಂತಿದೆ, ತಾತ."

"ಅದು ಅಂಥ ಕಲ್ಲಲ್ಲಮ್ಮ. ಉಗುರಲ್ಲಿ ಕೆರೆದ್ರೆ ಬರುತ್ತೆ."

"ಕಲ್ಲು ತಾನೇ?"

"ಕಲ್ಲೇ."

"ನೀರು ಹರಿಯೋ ಕಕ್ಕಸು ಎರಡು ಅಂತಿದೆ."

ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. "ಎರಡಾ! ಒಂದು ಬೆಳಗ್ಗೆಗೆ, ಇನ್ನೊಂದು ಸಂಜೆಗೆ ಇರ್ಬೇಕು," ಎಂದಿತು ಒಂದು ದನಿ. "ಯಜಮಾನ್ರೇ, ಬಂದ್ರೆ ಒಂದು ಸಲ ನಮಗೂ ಕೂರೋಕೆ ಕೊಡಿ," ಎಂದಿತು ಇನ್ನೊಂದು.

"ನೀರು ಹರಿಯಲ್ಲಮ್ಮ," ಎಂದ ರಾತೆಮೊ ಕಿಟಕಿಯ ತೂತಿಗೆ ಬಾಯಿಟ್ಟು.

"ಜೋರಾಗಿ ಹೇಳಿ, ಕೇಳಿಸ್ತಿಲ್ಲ."

"ನೀರು ಹರಿಯಲ್ಲ! ಗುಂಡಿ! ಬರೀ ಗುಂಡಿ!"

ಕಚೇರಿ ಗೊಳ್ಳೆಂದಿತು. ಹುಡುಗಿ ಮಾತ್ರ ನಗಲಿಲ್ಲ. "ಮತ್ತೆ ನೀವೇ ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದಳು. ಸೊಸೆಗೆ ಹೇಳಲಾಗದೆ ಇಡೀ ಪಟ್ಟಣಕ್ಕೆ ಕೂಗಿ ಹೇಳಿದೆನಲ್ಲ ಎಂದು ರಾತೆಮೊನಿಗೇ ನಗು ಬಂತು.

ತಿದ್ದಬಹುದು ಎಂದಳು ಹುಡುಗಿ. ಆದರೆ ಇಲ್ಲಿ ಕೂತು ಅಲ್ಲ. ಆ ಊರಿಗೆ ನೇಮಕವಾದ ಕಾರ್ಯಕರ್ತೆಯೇ ಮನೆಯಲ್ಲೇ ಮತ್ತೆ ಕೇಳಬೇಕು. ಒಂದೊಂದು ಪ್ರಶ್ನೆಯನ್ನೂ ಪೂರ್ತಿ ಓದಬೇಕು. ಮನೆಯ ಯಜಮಾನ ತನ್ನ ಬಾಯಿಂದಲೇ ಉತ್ತರ ಹೇಳಬೇಕು. ತಿದ್ದಲು ಒಂದೇ ಅವಕಾಶ. ಈ ಸಲವೂ ತಪ್ಪು ಕಂಡರೆ ಸಹಿ ಹಾಕಿದ ಕಾರ್ಯಕರ್ತೆಯ ಕೆಲಸ ಹೋಗುತ್ತದೆ.

"ಬೇರೆ ಕಾರ್ಯಕರ್ತೆ ಯಾರೂ ಇಲ್ವೇನಮ್ಮ? ಸ್ವಲ್ಪ ವಯಸ್ಸಾದೋರು, ಕಿವಿ ಕೇಳಿಸದೋರು?"

"ಮುಂದಿನವರು ಬನ್ನಿ," ಎಂದಳು ಹುಡುಗಿ.

ಮನೆಗೆ ಬಂದಾಗ ಬೋಸಿಬೋರಿ ಅಂಗಳದಲ್ಲಿ ಕೂತು ಚಿನ್ಸಾಗಾ ಸೊಪ್ಪು ಬಿಡಿಸುತ್ತಿದ್ದಳು. ಒಂದು ಕೈ ಸೊಪ್ಪಿನಲ್ಲಿ, ಇನ್ನೊಂದು ಬಲಪಕ್ಕೆ ಒತ್ತಿಕೊಂಡು. ರಾತೆಮೊ ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ತಲೆ ತಗ್ಗಿಸಿ, "ಸಾಹುಕಾರನ ಹೆಂಡ್ತಿ ಆಗಿಬಿಟ್ಟೆ ಕಣೇ ನೀನು," ಎಂದ.

"ಮೂವತ್ತೆಂಟು ವರ್ಷ ಕಾದಿದ್ದೆ," ಎಂದಳು ಬೋಸಿಬೋರಿ. "ಬಂಗಲೆ ಎಲ್ಲಿದೆ ತೋರ್ಸಿ, ಒಳಗೆ ಹೋಗಿ ಮಲ್ಕೋತೀನಿ. ಇಲ್ಲಿ ಮಣ್ಣಿನ ನೆಲ ಚುಚ್ಚುತ್ತೆ."

"ನಗಬೇಡ್ವೇ. ಅವಳ ಮುಂದೆ ಆ ಮಾತು ಹೇಗೆ ಆಡ್ಲಿ? ನಮ್ಮಪ್ಪ ನಮ್ಮವ್ವನ ಮುಂದೇನೂ ಆಡ್ತಿರ್ಲಿಲ್ಲ."

"ನಿಮ್ಮಪ್ಪಂಗೆ ವಿಮೆ ಇತ್ತಾ?"

ಬೋಸಿಬೋರಿ ಸೊಪ್ಪು ಬಿಟ್ಟು ಅವನ ಕಡೆ ತಿರುಗಿದಳು. ದನಿಯಲ್ಲಿ ಈಗ ನಗೆಯಿರಲಿಲ್ಲ.

"ನಂಗೆ ಭಯ ಆಗ್ತಿದೆ ರೀ. ಹೋದ ಸಲ ನೋವು ಬಂದಾಗ, ಇನ್ನು ಸಾಕು ಕರ್ಕೋ ಅಂತ ಕೇಳ್ಕೊಂಡೆ. ಆಮೇಲೆ, ಬೇಡ, ಹಾಗಂದಿದ್ದು ತಪ್ಪು ಅಂತಾನೂ ಕೇಳ್ಕೊಂಡೆ. ದೇವರಿಗೆ ಎರಡು ಥರ ಹೇಳಿ ನಾನೇ ಗೊಂದಲ ಮಾಡಿದೀನಿ. ನೀವಾದ್ರೂ ಒಂದು ಮಾತು ನೆಟ್ಟಗೆ ಹೇಳಿ."

ಅವನು ಎದ್ದು ಹಿತ್ತಿಲಿಗೆ ಹೋಗಿ, ಬಾಳೆಗಿಡಗಳ ಈಚೆಗಿದ್ದ ಗುಂಡಿಯ ಮುಂದೆ ನಿಂತು ತುಸು ಹೊತ್ತು ನೋಡಿದ. ಸೋಗೆಯ ಮರೆ, ಬಾಗಿಲಿಗೆ ಗೋಣಿಚೀಲ. "ನಿನ್ನ ಹೆಸರು ಹೇಳೋಕೆ ಅರವತ್ತೆರಡು ವರ್ಷದ ಗಂಡಸಿಗೆ ಬಾಯಿಲ್ಲ," ಎಂದು ಅದಕ್ಕೇ ಹೇಳಿದ. ಎರಡು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸವನ್ನೂ ಮಾಡಿದ. ಆಚೆ ಗುಂಡಿಯ ಹತ್ತಿರ ಯಾರೋ ಕೆಮ್ಮಿದಂತಾಗಿ ಓಡಿ ಬಂದ.

ಭಾನುವಾರ ಬೆಳಗ್ಗೆ ಕೆಮುಂತೊ ಬಂದಳು. ಗಂಡ ಮಕೋರಿ ಚಹಾ ಕಾರ್ಖಾನೆಗೆ ಹೋಗಿದ್ದ. ಇಂಥ ಹೊತ್ತಿನಲ್ಲಿ ಮನೆಯಲ್ಲಿರುವಷ್ಟು ದಡ್ಡ ಅವನಲ್ಲ. ರಾತೆಮೊ ನಡುವೆ ಕಂಬಳಿ ಕಟ್ಟೋಣ ಎಂದ. ಬೋಸಿಬೋರಿ ಕಂಬಳಿಯನ್ನು ಕಿತ್ತುಕೊಂಡು ಅದರ ಮೇಲೇ ಇಬ್ಬರ ನಡುವೆ ಕೂತು ಜೋಳದ ತೆನೆ ಬಿಡಿಸತೊಡಗಿದಳು.

"ನಾನಿದೀನಿ. ಇಬ್ರೂ ನನ್ನ ನೋಡ್ಕೊಂಡು ಮಾತಾಡಿ. ಓದಮ್ಮ."

ಕೆಮುಂತೊ ಫೋನನ್ನು ಅತ್ತೆಯ ಮುಂದೆ ಕಂಬಳಿಯ ಮೇಲಿಟ್ಟು ಓದಿದಳು. ರಾತೆಮೊ ಈ ಸಲ ಬೆನ್ನು ಹಾಕಲಿಲ್ಲ. ಆದ್ದರಿಂದಲೇ ಮೊದಲ ಬಾರಿಗೆ ಒಂದು ವಿಷಯ ಕಂಡ: ಪರದೆಯ ಮೂಲೆಯಲ್ಲಿ ಒಂದು ಅಂಕಿ, ಪ್ರತಿ ಉತ್ತರಕ್ಕೂ ಅದು ಬದಲಾಗುತ್ತಿತ್ತು.

"ಗೋಡೆ ಯಾವುದರಿಂದ ಮಾಡಲ್ಪಟ್ಟಿದೆ?"

"ಕ್ವಾರೀಲಿ ಬಿಸಾಕಿದ ಚೂರು. ಮುರಿದ ಆನೆ. ಬೇಕಾದ್ರೆ ನೋಡ್ಕೊ."

'ಇತರೆ' ಎಂದು ಒತ್ತಿದಳು. ಸಾವಿರದ ಆರುನೂರ ನಲವತ್ತು ಸಾವಿರದ ಇನ್ನೂರಾಯಿತು. ಮೂರು ಆನೆ, ಒಂದು ಜಿರಾಫೆಗೆ ಇಷ್ಟು ಬೆಲೆ ಯಾವ ದಲ್ಲಾಳಿಯೂ ಕೊಟ್ಟಿರಲಿಲ್ಲ.

"ಎಲ್ಲಾ ಕೋಣೆಗಳ ನೆಲ?"

ರಾತೆಮೊ ಹೆಂಡತಿಯ ತೆನೆಯನ್ನು ನೋಡಿದ. "ಮುಂದೆ ಸಿಮೆಂಟು. ಹಿಂದೆ... ನಾವು ಮಲ್ಗೋ ಕಡೆ... ಮಣ್ಣು."

ಒಂಬೈನೂರ ಎಂಬತ್ತು.

"ಕಳೆದ ತಿಂಗಳು ಹಣವಿಲ್ಲದೆ ಊಟ ಬಿಟ್ಟದ್ದುಂಟೇ?"

ದೇವರು ಏನೂ ಕಮ್ಮಿ ಮಾಡಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬೋಸಿಬೋರಿ ತೆನೆ ಬಿಡಿಸುವುದನ್ನು ನಿಲ್ಲಿಸಿದಳು.

"ಉಂಟು," ಎಂದ. "ನಾಲ್ಕು ದಿನ. ದೇವರಿಗೆ ಗೊತ್ತು. ನಿಂಗೂ ಗೊತ್ತಿರ್ಲಿ."

ಕೆಮುಂತೊ ಒತ್ತಲಿಲ್ಲ. ಮಾತು ಸಣ್ಣದಾಯಿತು. "ನಮ್ಮನೇಲಿ ಹಿಟ್ಟಿತ್ತಲ್ಲ ಮಾವ. ಒಂದು ಮಾತು ಹೇಳಿದ್ರೆ..."

"ಹೇಳೋಕೆ ಬಂದಿದ್ರೆ ಇವತ್ತು ಹೀಗ್ಯಾಕೆ ಕೂತಿರ್ತಿದ್ದೆ? ಒತ್ತಮ್ಮ."

ಎಂಟುನೂರ ಹತ್ತು. ಆಮೇಲೆ ಕೆಮುಂತೊ ಪರದೆಯನ್ನೇ ನೋಡುತ್ತ ಉಳಿದಳು. ಮುಂದಿನ ಪ್ರಶ್ನೆ ಯಾವುದೆಂದು ಮೂವರಿಗೂ ಗೊತ್ತಿತ್ತು. ಉಸಿರೆಳೆದು, ಶಾಲೆಯ ಮಗು ಪಾಠ ಒಪ್ಪಿಸುವಂತೆ ಒಂದೇ ಓಟದಲ್ಲಿ ಓದಿಬಿಟ್ಟಳು:

"ಕುಟುಂಬವು ಬಳಸುವ ಕಕ್ಕಸು ಯಾವ ವಿಧದ್ದು?"

ಆ ಮಾತು ಅಂಗಳದಲ್ಲಿ ಬಿತ್ತು. ಆಕಾಶ ಕಳಚಲಿಲ್ಲ. ಹಸು ಬಾಲ ಬೀಸಿತು.

"ಗುಂಡಿ," ಎಂದ ರಾತೆಮೊ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದದ್ದರಿಂದ, ಬೇಲಿಯಾಚೆ ಹೋಗುತ್ತಿದ್ದ ಗೆತೆಂಗಾನ ಹೆಂಡತಿ ನಿಂತು ನೋಡಿದಳು. ಇನ್ನು ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. "ಮಣ್ಣಿನ ಗುಂಡಿ. ಮೇಲೆ ಎರಡು ಹಲಗೆ. ಒಂದು ಅಲ್ಲಾಡುತ್ತೆ. ಬಾಗಿಲಿಲ್ಲ, ಗೋಣಿಚೀಲ. ಗಾಳಿ ಬಂದ್ರೆ ಒಂದು ಕೈಲಿ ಹಿಡ್ಕೊಂಡೇ ಕೂತ್ಕೋಬೇಕು. ಹಿಡ್ಕೊಂಡು ಹಾಡೂ ಹೇಳ್ಬೇಕು, ಒಳಗೆ ಯಾರೋ ಇದಾರೆ ಅಂತ ಗೊತ್ತಾಗ್ಲಿ ಅಂತ."

ಬೋಸಿಬೋರಿ ಪಕ್ಕೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ, ನಗಿಸಬೇಡಿ, ನೋಯುತ್ತೆ!" ಕೆಮುಂತೊ ಬಾಯಿಗೆ ಸೆರಗಿನಂತೆ ಹೊದ್ದ ಬಟ್ಟೆ ಒತ್ತಿಕೊಂಡಳು, ಭುಜ ಕುಣಿಯುತ್ತಿದ್ದವು. ಹಾಡು ಇಡೀ ಅಂಗಳಕ್ಕೆ ಆರು ವರ್ಷದಿಂದ ಕೇಳಿಸುತ್ತಿತ್ತೆಂದು, ರಾಗ ಯಾವಾಗಲೂ ತಪ್ಪುತ್ತಿತ್ತೆಂದು ಆಮೇಲೆ ಅತ್ತೆಯ ಕಿವಿಯಲ್ಲಿ ಹೇಳಿದಳು. ಅತ್ತೆ ಅದನ್ನು ಗಟ್ಟಿಯಾಗಿ ತಲುಪಿಸಿದಳು.

ಕೆಮುಂತೊ ಗುಂಡಿ ಎಂದು ಒತ್ತಿ, ಮುಂದಿನ ಪ್ರಶ್ನೆಗಾಗಿ ಜಾನುವಾರಿನ ಹಳೆಯ 'ಅನೇಕ'ವನ್ನು ಅಳಿಸಿದಾಗ ಮೂಲೆಯ ಅಂಕಿ ನಾನೂರ ಎಂಬತ್ತಕ್ಕೆ ಇಳಿದಿತ್ತು.

ರಾತೆಮೊನ ತಲೆಯಲ್ಲಿ ಮೊಳೆ ಗೀರಿತು. ಹನ್ನೆರಡು ತಿಂಗಳಿಗೆ ಐದು ಸಾವಿರದ ಏಳುನೂರ ಅರವತ್ತು. ಮೊದಲಿಗಿಂತ ಕಮ್ಮಿ! ಮನೆಯಲ್ಲಿರುವ ಆರು ಸಾವಿರದಲ್ಲಿ ನಾಳೆಯೇ ಕಟ್ಟಬಹುದು. ಮುನ್ನೂರಲ್ಲ ನಿಜ, ಆದರೂ ಚರ್ಚಿನಲ್ಲಿ ಮುಖವೆತ್ತಿ ಹೇಳಬಹುದಾದ ಅಂಕಿ.

"ಕೊನೇದು," ಎಂದಳು ಕೆಮುಂತೊ, ಕಣ್ಣೊರೆಸಿಕೊಂಡು. "ಜಾನುವಾರು ಎಷ್ಟು?"

ಸತ್ಯದ ರುಚಿ ಹತ್ತಿದವನಿಗೆ ತಡೆಯಲಾಗಲಿಲ್ಲ. ತಂದೆಯ ಮಾತನ್ನೂ ಆ ಗುಂಡಿಗೇ ಹಾಕಿ, "ಒಂದು!" ಎಂದು ಬೆರಳೆತ್ತಿ ತೋರಿಸಿದ. "ಒಂದೇ ಒಂದು. ಹಾಲು ಕರೆಯೋ ಹಸು. ಅಗೋ ನೋಡು!"

ಕೆಮುಂತೊ ಒತ್ತಿದಳು. ಅಂಕಿ ಆರುನೂರ ಹತ್ತಾಯಿತು.

ರಾತೆಮೊ ಬೆರಳನ್ನು ಮೆಲ್ಲಗೆ ಇಳಿಸಿದ. ಏಳು ಸಾವಿರದ ಮುನ್ನೂರ ಇಪ್ಪತ್ತು. ಇರುವುದು ಆರು. ಕಟ್ಟಬೇಕಾದದ್ದು ಶಸ್ತ್ರಚಿಕಿತ್ಸೆಯ ಗುರುವಾರದೊಳಗೆ. ಒಂದು ಗೋಣಿ ಬಟ್ಟಲನ್ನು ದಲ್ಲಾಳಿ ಕೇಳಿದ ಅರ್ಧ ಬೆಲೆಗೆ ಸುರಿದರೆ ಆದೀತು. ಮೂರು ವಾರದ ದುಡಿಮೆ ಹೋದಂತೆ. ಅವನು ಹಸುವನ್ನು ನೋಡಿದ. ಇಷ್ಟು ದಿನ ಅದು ಬಡಕಲೆಂದು ಬೈಯುತ್ತಿದ್ದವನಿಗೆ ಈಗ ಅದು ಊರಗಲ ಕಂಡಿತು.

ತುಸು ಹತ್ತಿರ ಜರುಗಿದ. ಹೆಂಡತಿಯ ಕಡೆ ನೋಡದೆ, ದನಿ ತಗ್ಗಿಸಿದ.

"ಕೆಮುಂತೊ, ನನ್ನವ್ವ. ಆ ಹಸು ಮುದಿಯಾಯ್ತು. ಈ ಮಳೆಗಾಲ ದಾಟುತ್ತೋ ಇಲ್ವೋ. ಅದನ್ನ ಹಸು ಅನ್ನೋದೇ ಹೆಚ್ಚು. ಸುಮ್ನೆ ಅಳಿಸಿಬಿಡು. ನಾವು ಮೂರೇ ಜನ ಇರೋದು, ಯಾರಿಗೆ ಗೊತ್ತಾಗುತ್ತೆ?"

ಕೆಮುಂತೊ ಮುಖವೆತ್ತಿದಳು. ಆರು ವರ್ಷದಲ್ಲಿ ಮೊದಲ ಬಾರಿಗೆ ಮಾವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ಇಲ್ಲ ಮಾವ," ಎಂದಳು. "ಅಳಿಸೋದಿಲ್ಲ."